ಅನ್ನ ಬಿಟ್ಟ ಮೇಲೆ ಮುಟ್ಟೂ ನಿಂತಿತು

ಸಂಧ್ಯಾ (ಹೆಸರು, ಕೆಲಸ, ಊರಿನ ವಿವರ ಬದಲಿಸಿದ್ದೇನೆ) ಇಪ್ಪತ್ನಾಲ್ಕರ ಹುಡುಗಿ. ಊರು ಹಾಸನದ ಕಡೆ, ಕೆಲಸ ಬೆಂಗಳೂರಲ್ಲಿ, ವಾಸ ಪಿಜಿಯಲ್ಲಿ. ಸ್ತ್ರೀರೋಗ ತಜ್ಞೆ ಕೊಟ್ಟು ಕಳಿಸಿದ ಚೀಟಿಯಲ್ಲಿ ಏಳು ತಿಂಗಳಿಂದ ಮುಟ್ಟಾಗಿಲ್ಲ, ಊಟದ ಬಗ್ಗೆ ವಿವರವಾಗಿ ವಿಚಾರಿಸಿ ಎಂದಿತ್ತು. ಜೊತೆಗೆ ಬಂದಿದ್ದ ತಾಯಿಯೇ ಮೊದಲು ಮಾತು ತೆಗೆದರು. "ಪಿಸಿಒಡಿ ಮೇಡಂ. ಡಯಟ್ ಮಾತ್ರ ಕಟ್ಟುನಿಟ್ಟಾಗಿ ಮಾಡ್ತಾಳೆ, ಒಂದಿನವೂ ತಪ್ಪಿಸಲ್ಲ. ಆದ್ರೂ ಯಾಕೋ ಸರಿಹೋಗ್ತಿಲ್ಲ." ಪಿಸಿಒಡಿ ಎಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ, ವೈದ್ಯರ ಮಾತಿನಲ್ಲಿ ಪಿಸಿಒಎಸ್. ಹುಡುಗಿ ಬಿಸಿಲು ಕಾಲದಲ್ಲೂ ಸ್ವೆಟರ್ ತೊಟ್ಟು ಕೂತಿದ್ದಳು.

ಎರಡು ವರ್ಷದ ಹಿಂದೆ ಹೊಸ ಕೆಲಸಕ್ಕೆ ಸೇರಿದ ಸಮಯದಲ್ಲಿ ಒಂದು ಸಲ ಮುಟ್ಟು ತಡವಾಗಿತ್ತಂತೆ. ಯಾರೋ ಹೇಳಿದರೆಂದು ಸ್ಕ್ಯಾನ್ ಮಾಡಿಸಿದಳು. ವರದಿಯಲ್ಲಿ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ ಎಂದಿತ್ತು. ಅಲ್ಲಿಗೆ ಪಿಸಿಒಡಿ ಎಂದು ತೀರ್ಮಾನವಾಯಿತು. ಮುಂದಿನ ವೈದ್ಯ ಮೊಬೈಲ್. ರೀಲ್ಸ್ ನೋಡಿ ನೋಡಿ ಆಕೆ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದ ಪಟ್ಟಿ ತೋರಿಸಿದಳು: ಅನ್ನ ಬೇಡ, ಗೋಧಿ ಬೇಡ, ಹಾಲು ಮೊಸರು ಬೇಡ, ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ, ಬೆಲ್ಲವೂ ಬೇಡ. ರಾತ್ರಿ ಎಂಟರಿಂದ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಉಪವಾಸ. ಬೆಳಿಗ್ಗೆ ಮೆಂತ್ಯದ ನೀರು, ಹಾಲಿಲ್ಲದ ಕಾಫಿ, ಆಮೇಲೆ ಒಂದೂವರೆ ಗಂಟೆ ಜಿಮ್. ಮಧ್ಯಾಹ್ನ ಮೊಳಕೆಕಾಳು, ಸೌತೆಕಾಯಿ. ರಾತ್ರಿ ಪಿಜಿಯ ಪಲ್ಯ ಮಾತ್ರ, ಎಣ್ಣೆ ತೊಳೆದು. ಹೌದು, ಪಲ್ಯವನ್ನು ಬಿಸಿನೀರಲ್ಲಿ ಅದ್ದಿ ತೆಗೆದು ತಿನ್ನುತ್ತಿದ್ದಳು. ತಿಂಗಳ ಮೊದಲರ್ಧ ಅಗಸೆ ಮತ್ತು ಕುಂಬಳಬೀಜ, ಉಳಿದರ್ಧ ಎಳ್ಳು ಮತ್ತು ಸೂರ್ಯಕಾಂತಿ ಬೀಜ, ಒಂದೊಂದು ಚಮಚ. ಇದರಿಂದ ಹಾರ್ಮೋನು ಸಮತೋಲನಕ್ಕೆ ಬರುತ್ತದೆಂದು ನಂಬಿದ್ದಳು. ಬೀಜಗಳು ಒಳ್ಳೆಯ ಆಹಾರವೇ. ಆದರೆ ಅವು ತಿಂಗಳ ಲೆಕ್ಕ ನೋಡಿ ಕೆಲಸ ಮಾಡುವುದಿಲ್ಲ.

160 ಸೆಂ.ಮೀ. ಎತ್ತರದ ಹುಡುಗಿ 61 ಕಿಲೋದಿಂದ 47ಕ್ಕೆ ಇಳಿದಿದ್ದಳು. ನೋಡಿದವರೆಲ್ಲ ಹೊಗಳಿದ್ದರು. ಮುಟ್ಟು ಮೊದಲು ಮುಂದೆ ಮುಂದೆ ಹೋಯಿತು, ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ನಿಂತಾಗ 'ಪಿಸಿಒಡಿ ಜಾಸ್ತಿಯಾಗಿದೆ' ಎಂದುಕೊಂಡು ಇನ್ನಷ್ಟು ಬಿಗಿ ಮಾಡಿದಳು. ಬಾಚಣಿಗೆ ತುಂಬ ಕೂದಲು, ರಾತ್ರಿ ಮೂರಕ್ಕೆ ಎಚ್ಚರ, ಯಾವಾಗಲೂ ತಣ್ಣಗಿರುವ ಕೈಕಾಲು. ಹಗಲೆಲ್ಲ ತಿಂಡಿಯದೇ ಯೋಚನೆ, ಅದರ ಬಗ್ಗೆ ನಾಚಿಕೆ ಬೇರೆ.

ಪಿಸಿಒಎಸ್ ಎನ್ನಬೇಕಾದರೆ ಮೂರರಲ್ಲಿ ಎರಡಾದರೂ ಇರಬೇಕು: ಮುಟ್ಟಿನ ಏರುಪೇರು, ಪುರುಷ ಹಾರ್ಮೋನು ಹೆಚ್ಚಿರುವ ಲಕ್ಷಣ ಅಥವಾ ರಕ್ತದಲ್ಲಿ ಅದರ ಏರಿಕೆ, ಸ್ಕ್ಯಾನಿನಲ್ಲಿ ಆ ಬಗೆಯ ಅಂಡಾಶಯ. 2003ರ ರಾಟರ್‌ಡ್ಯಾಮ್ ಮಾನದಂಡದಿಂದ ಈಚೆಗೆ ಬಳಕೆಯಲ್ಲಿರುವ ಲೆಕ್ಕ ಇದು. ಅದರ ಜೊತೆಗೆ, ಹೀಗೆ ಮಾಡಬಲ್ಲ ಬೇರೆ ಕಾರಣಗಳಿಲ್ಲ ಎಂದು ಖಚಿತವಾಗಬೇಕು. ಇಪ್ಪತ್ತರ ಆಸುಪಾಸಿನ ಎಷ್ಟೋ ಆರೋಗ್ಯವಂತ ಹುಡುಗಿಯರ ಸ್ಕ್ಯಾನಿನಲ್ಲೂ ಆ ಗುಳ್ಳೆಗಳು ಕಾಣುತ್ತವೆ. ಅವು ರೋಗದ ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಕೋಶಗಳು. ಸಂಧ್ಯಾಳ ಮುಖದಲ್ಲಿ ಹೆಚ್ಚಿನ ಕೂದಲಿಲ್ಲ, ಮೊಡವೆಯಿಲ್ಲ, ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನ್ ಸಹಜ ಮಟ್ಟದಲ್ಲಿತ್ತು.

ತಜ್ಞೆ ಗರ್ಭ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಎಲ್ಲ ಮಾಡಿಸಿದ್ದರು, ಅವುಗಳಲ್ಲಿ ತೊಂದರೆ ಇರಲಿಲ್ಲ. ಆದರೆ ಅಂಡಾಶಯಕ್ಕೆ ಸೂಚನೆ ಕೊಡುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು, ಅಂಡಾಶಯವೇ ತಯಾರಿಸುವ ಈಸ್ಟ್ರೋಜನ್ ಮೂರೂ ಕೆಳಗಿದ್ದವು. ಮುಟ್ಟು ತರಿಸಲು ಮೊದಲೊಮ್ಮೆ ಬೇರೆಡೆ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟಿದ್ದರಂತೆ, ಅದರಿಂದಲೂ ರಕ್ತಸ್ರಾವ ಆಗಿರಲಿಲ್ಲ. ಪಿಸಿಒಎಸ್‌ನಲ್ಲಿ ಸಾಮಾನ್ಯವಾಗಿ ಈಸ್ಟ್ರೋಜನ್ ಇರುವುದರಿಂದ ಆ ಮಾತ್ರೆ ನಿಲ್ಲಿಸಿದ ಕೆಲವೇ ದಿನಕ್ಕೆ ಮುಟ್ಟಾಗುತ್ತದೆ. ಇಲ್ಲಿ ಈಸ್ಟ್ರೋಜನ್ ಸಾಲದೆ ಗರ್ಭಕೋಶದ ಒಳಪದರವೇ ಬೆಳೆದಿರಲಿಲ್ಲ. ದೇಹಕ್ಕೆ ಬರುವ ಶಕ್ತಿ ಖರ್ಚಿಗಿಂತ ಬಹಳ ಕಡಿಮೆಯಾದಾಗ ಮೆದುಳಿನ ಹೈಪೋಥಲಮಸ್ ಮುಟ್ಟಿಗೆ ಕೊಡಬೇಕಾದ ಸೂಚನೆಯನ್ನೇ ತಗ್ಗಿಸಿಬಿಡುತ್ತದೆ. ಬರಗಾಲದಲ್ಲಿ ಮನೆಯವರು ಮದುವೆ ಮುಂದೂಡುವ ಹಾಗೆ. ಈ ಸ್ಥಿತಿಯಲ್ಲೂ ಸ್ಕ್ಯಾನಿನಲ್ಲಿ ಅನೇಕ ಗುಳ್ಳೆಗಳು ಕಾಣಿಸಬಹುದು. ಎರಡನ್ನೂ ಒಂದೆಂದು ಎಣಿಸುವುದು ಆಗಲೇ.

ಒಂದು ದಿನದ ಊಟವನ್ನು ಆಕೆಯ ಜೊತೆಯೇ ಕೂತು ಲೆಕ್ಕ ಹಾಕಿದೆ. ತಿನ್ನುತ್ತಿದ್ದದ್ದು ಸುಮಾರು 1,100 ಕ್ಯಾಲೊರಿ, ಜಿಮ್‌ನಲ್ಲಿ ಕಳೆಯುತ್ತಿದ್ದದ್ದು 300ಕ್ಕೂ ಮಿಗಿಲು. ವ್ಯಾಯಾಮದ ಖರ್ಚು ಕಳೆದ ಮೇಲೆ, ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಉಳಿದರೆ ಎಲ್‌ಎಚ್ ಲಯ ತಪ್ಪುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಎಲ್ಲರಿಗೂ ಗೆರೆ ಒಂದೇ ಅಲ್ಲ, ಆದರೆ ಸಂಧ್ಯಾಗೆ ಉಳಿಯುತ್ತಿದ್ದದ್ದು ಹೆಚ್ಚುಕಮ್ಮಿ 20. ಅಂಕಿ ನೋಡಿ ತಾಯಿ, "ಅಂದ್ರೆ ಇವಳು ಉಪವಾಸ ಬಿದ್ದಿದ್ದಾಳಾ?" ಎಂದರು. ಹುಡುಗಿ ಅಳತೊಡಗಿದಳು. "ಅನ್ನ ತಿಂದ್ರೆ ದಪ್ಪ ಆಗ್ತೀನಿ, ದಪ್ಪ ಆದ್ರೆ ಪಿಸಿಒಡಿ ಬರತ್ತೆ ಅಂತ ಭಯ ಮೇಡಂ."

ಈ ಭಯವನ್ನು ಪಕ್ಕಕ್ಕಿಟ್ಟು ಬರೀ ಡಯಟ್ ಚಾರ್ಟ್ ಕೊಟ್ಟರೆ ಅದೂ ಪಟ್ಟಿಗೆ ಸೇರಿದ ಇನ್ನೊಂದು ಪಟ್ಟಿಯಾಗುತ್ತದೆ. ಹಾಗಾಗಿ ಮೊದಲ ಭೇಟಿಗಳಲ್ಲಿ ಊಟಕ್ಕಿಂತ ಭಯದ ಬಗ್ಗೆಯೇ ಹೆಚ್ಚು ಮಾತಾಡಿದೆವು. ಊಟ, ತೂಕದ ಗೀಳಿನ ಕಾಯಿಲೆ (ಈಟಿಂಗ್ ಡಿಸಾರ್ಡರ್) ಇದೆಯೇ ಎಂದು ನೋಡಲು ಮನೋವೈದ್ಯರ ಅಭಿಪ್ರಾಯವನ್ನೂ ಪಡೆದೆವು. ವಾಂತಿ ಮಾಡಿಕೊಳ್ಳುವುದು, ಭೇದಿ ಮಾಡಿಸುವ ಮಾತ್ರೆ ನುಂಗುವುದು ಇರಲಿಲ್ಲ. ಇದ್ದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಡಯಟೀಷಿಯನ್ ಜೊತೆ ಸೇರಿ ಕೊಟ್ಟ ಸಲಹೆ ಹೀಗಿತ್ತು. ಎದ್ದ ಒಂದು ಗಂಟೆಯೊಳಗೆ ಏನಾದರೂ ತಿನ್ನಬೇಕು, ಹದಿನಾರು ಗಂಟೆಯ ಉಪವಾಸ ಅಂದಿನಿಂದಲೇ ನಿಲ್ಲಬೇಕು. ಮೂರು ಊಟ, ನಡುವೆ ಎರಡು ಲಘು ತಿಂಡಿ. ಇಡ್ಲಿ ಸಾಂಬಾರ್, ರಾಗಿಮುದ್ದೆ ಬಸ್ಸಾರು, ಚಪಾತಿ ಬೇಳೆಪಲ್ಯ, ಮೊಟ್ಟೆ ತಿನ್ನುವ ಮನೆಯಾದ್ದರಿಂದ ದಿನಕ್ಕೊಂದು ಮೊಟ್ಟೆ. ನಿಷೇಧದ ಪಟ್ಟಿಯಿಂದ ವಾರಕ್ಕೆ ಒಂದು ಸಾಲು ಅಳಿಸಬೇಕು, ಯಾವುದನ್ನೆಂದು ಆಕೆಯೇ ಆರಿಸಬೇಕು. ಮೊದಲು ಅಳಿಸಿದ್ದು ಮೊಸರನ್ನ, ಅರ್ಧ ಬಟ್ಟಲಿನಿಂದ ಶುರು. ಪಲ್ಯ ತೊಳೆಯುವಂತಿಲ್ಲ, ಹಾರ್ಮೋನು ತಯಾರಿಗೆ ಕೊಬ್ಬೂ ಬೇಕು. ಜಿಮ್ ಕೆಲ ತಿಂಗಳು ಬಂದ್, ನಡಿಗೆ ಸಾಕು. ತೂಕ ನೋಡುವುದು ಕ್ಲಿನಿಕ್ಕಿನಲ್ಲಿ ಮಾತ್ರ, ಅದೂ ಮುಳ್ಳಿಗೆ ಬೆನ್ನು ಮಾಡಿ ನಿಂತು.

ತಾಯಿಗೂ ಬೇರೆಯಾಗಿ ಹೇಳಿದೆ: ತಟ್ಟೆ ನೋಡಿ ಮಾತಾಡಬೇಡಿ, 'ತುಂಬಿಕೊಂಡಿದ್ದೀಯ' ಎಂಬ ಮೆಚ್ಚುಗೆಯೂ ಬೇಡ, ಗಂಡು ತೋರಿಸುವ ಮಾತನ್ನು ಸದ್ಯಕ್ಕೆ ಇಟ್ಟುಬಿಡಿ. ಕೊನೆಯದು ಅವರಿಗೆ ಕಷ್ಟವಾಯಿತು.

ತಿಂಗಳು ತಿಂಗಳೂ ಮುಟ್ಟು ತರಿಸುವ ಹಾರ್ಮೋನು ಮಾತ್ರೆ ಕೊಡಿ ಎಂದು ತಾಯಿ ಕೇಳಿದರು. ತಜ್ಞೆ ಒಪ್ಪಲಿಲ್ಲ. ಅದರಿಂದ ರಕ್ತಸ್ರಾವವಾಗಬಹುದು, ಆದರೆ ಸ್ವಂತ ಚಕ್ರ ಮರಳಿದೆಯೋ ಇಲ್ಲವೋ ತಿಳಿಯದೆ ಹೋಗುತ್ತದೆ, ಮೂಳೆಗೂ ಅದರಿಂದ ಭರವಸೆಯ ರಕ್ಷಣೆಯಿಲ್ಲ. ಆರು ತಿಂಗಳು ದಾಟಿದ್ದರಿಂದ ಮೂಳೆಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯಲ್ಲಿ ವಯಸ್ಸಿಗಿಂತ ಸ್ವಲ್ಪ ಕಡಿಮೆ ಬಂತು. ಸಂಧ್ಯಾ ನಿಜವಾಗಿ ಎಚ್ಚೆತ್ತದ್ದು ಆ ವರದಿ ನೋಡಿಯೇ ಎಂದು ನನ್ನ ಅಂದಾಜು.

ನಿಜಕ್ಕೂ ಪಿಸಿಒಎಸ್ ಇರುವವರಿಗೆ ಈ ಕಥೆ ಹಾಗೆಯೇ ಅನ್ವಯಿಸದು. ಅಲ್ಲಿ ಅನೇಕರಲ್ಲಿ ಇನ್ಸುಲಿನ್ ಪ್ರತಿರೋಧವಿರುತ್ತದೆ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಅದರ ಮಟ್ಟ ಏರುತ್ತದೆ. ಏರಿದ ಇನ್ಸುಲಿನ್ ಅಂಡಾಶಯದಿಂದ ಪುರುಷ ಹಾರ್ಮೋನು ಹೆಚ್ಚಿಸುತ್ತದೆ. ತೂಕ ಹೆಚ್ಚಿದ್ದವರು ಶೇ. 5ರಿಂದ 10 ಇಳಿಸಿದರೂ ಎಷ್ಟೋ ಸಲ ಮುಟ್ಟು ಸುಧಾರಿಸುತ್ತದೆ. ಆದರೆ ಅವರಿಗೂ ಇಂಥದ್ದೇ ಒಂದು ಡಯಟ್ ಎಂಬುದಿಲ್ಲ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಯಾವ ಆಹಾರಕ್ರಮವೂ ಇನ್ನೊಂದಕ್ಕಿಂತ ಮೇಲೆಂದು ಹೇಳಿಲ್ಲ. ಅನ್ನ ಕಡಿಮೆ ಮಾಡಿ ಕಾಳು, ತರಕಾರಿ ಹೆಚ್ಚಿಸುವುದು ಒಂದು, ಅನ್ನವನ್ನೇ ಶತ್ರು ಮಾಡಿಕೊಳ್ಳುವುದು ಇನ್ನೊಂದು. ಮೂರು ತಿಂಗಳು ಮುಟ್ಟಾಗದಿದ್ದರೆ, ತೆಳ್ಳಗಿದ್ದರೂ ದಪ್ಪಗಿದ್ದರೂ, ರೀಲ್ಸ್ ಬಿಟ್ಟು ವೈದ್ಯರ ಬಳಿ ಹೋಗಬೇಕು. ಸಂಸಾರಸ್ಥರು ನೆನಪಿಡಬೇಕಾದ ಇನ್ನೊಂದು ವಿಷಯವಿದೆ: ಚೇತರಿಕೆಯಲ್ಲಿ ಮೊದಲ ಮುಟ್ಟಿಗೂ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟಿಲ್ಲದೆಯೂ ಬಸಿರಾಗಬಹುದು.

ಸಂಧ್ಯಾಗೆ ಮೊದಲು ಮರಳಿದ್ದು ನಿದ್ದೆ, ಆಮೇಲೆ ಕೈಕಾಲಿನ ಬಿಸಿ. ಮಧ್ಯೆ ಒಮ್ಮೆ ಹೆದರಿ ಮತ್ತೆ ರಾತ್ರಿಯೂಟ ಬಿಟ್ಟಳು, ತಾನೇ ಫೋನ್ ಮಾಡಿ ಹೇಳಿದಳು. ಐದನೇ ತಿಂಗಳು, ತೂಕ 52ರ ಹತ್ತಿರ ಬಂದಾಗ ಮುಟ್ಟಾಯಿತು. ಮುಂದಿನದು 39 ದಿನಕ್ಕೆ. ಚಕ್ರ ನೆಲೆಗೊಳ್ಳಲು ಇನ್ನೂ ಸಮಯ ಬೇಕು. ಡೆಕ್ಸಾ ಮತ್ತೆ ಮಾಡಿಸಬೇಕಿದೆ. ಪಟ್ಟಿಯಲ್ಲಿ ಬೆಲ್ಲ, ಆಲೂಗಡ್ಡೆ ಎರಡು ಸಾಲು ಇನ್ನೂ ಉಳಿದಿವೆ. ಜಿಮ್‌ಗೆ ವಾರಕ್ಕೆ ಎರಡು ದಿನ ಹೋಗಲು ತಜ್ಞೆ ಒಪ್ಪಿದ್ದಾರೆ, ತಿಂಡಿ ತಿಂದೇ ಹೋಗಬೇಕೆಂಬ ಷರತ್ತಿನ ಮೇಲೆ.