ಶೋ ದಿನ ಬೆಳಿಗ್ಗೆ ಸ್ನಾನ ಬೇಡ: ಸ್ಪಾನಿಯಲ್ ಸಾಕಿದವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಹೊಂಬಣ್ಣದ ಇಂಗ್ಲಿಷ್ ಕಾಕರ್ ಸ್ಪಾನಿಯಲ್ ಹೆಣ್ಣುನಾಯಿ ಇದೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅವಳ ಮೊದಲ ಡಾಗ್ ಶೋ. ವಾರಕ್ಕೊಮ್ಮೆ ನಾವು ಹಾಕಿಕೊಳ್ಳುವ ಶಾಂಪೂವಿನಲ್ಲೇ ಸ್ನಾನ ಮಾಡಿಸುತ್ತೇವೆ. ಕಿವಿ, ಕಾಲಿನ ಕೂದಲೇನೋ ಚೆನ್ನಾಗಿ ಕಾಣುತ್ತೆ, ಆದರೆ ಬೆನ್ನಿನ ಕೂದಲು ಉಬ್ಬಿ ನಿಲ್ಲುತ್ತೆ. ಶೋ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ಸ್ನಾನ ಮಾಡಿಸಬೇಕು? ಕಂಡೀಷನರ್ ಎಷ್ಟು ಹಾಕಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಶೋ ದಿನ ಬೆಳಿಗ್ಗೆ ಸ್ನಾನ ಮಾಡಿಸಲೇಬೇಡಿ. ಈ ತಪ್ಪು ನಾನೂ ಮಾಡಿದ್ದೇನೆ. ನನ್ನ ಮೊದಲ ಕಾಕರ್‌ನನ್ನು ಬೆಳಗಿನ ಜಾವ ಐದಕ್ಕೇ ಎಬ್ಬಿಸಿ, ಬೋರ್‌ವೆಲ್ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಬಿಸಿ ಡ್ರೈಯರ್ ಹಿಡಿದು ಗಡಿಬಿಡಿಯಲ್ಲಿ ಒಣಗಿಸಿ, ಹೆಮ್ಮೆಯಿಂದ ಕರೆದುಕೊಂಡು ಹೋಗಿದ್ದೆ. ರಿಂಗಿನಲ್ಲಿ ನಿಂತಾಗ ಅವನ ಬೆನ್ನು ಹಿಂಜಿದ ಹತ್ತಿಯ ಹಾಗಿತ್ತು. ಜಡ್ಜ್ ಒಮ್ಮೆ ಕೈಯಾಡಿಸಿ ಮುಂದಿನ ನಾಯಿಯ ಹತ್ತಿರ ಹೋಗಿಬಿಟ್ಟರು.

ಇಂಗ್ಲಿಷ್ ಕಾಕರ್‌ನ ತಳಿ ಮಾನದಂಡದಲ್ಲಿ (ಜಡ್ಜ್ ಇದನ್ನೇ ಇಟ್ಟುಕೊಂಡು ನಾಯಿಯನ್ನು ಅಳೆಯೋದು) ಕೂದಲು ಮೈಗೆ ಅಂಟಿದಂತೆ ಚಪ್ಪಟೆಯಾಗಿ, ರೇಷ್ಮೆಯ ಹಾಗೆ ಇರಬೇಕು ಅಂತಿದೆ. ತೀರಾ ದಟ್ಟ ಇರಬಾರದು, ಗುಂಗುರಂತೂ ಇರಲೇಬಾರದು. ಅಂದರೆ ಜಾಸ್ತಿ ಕೂದಲಿದ್ದರೆ ಜಾಸ್ತಿ ಮಾರ್ಕು ಅಂತ ನಾವು ಅಂದುಕೊಂಡಿರೋದೇ ತಪ್ಪು. ಹಾಗಾಗಿ ನಿಮ್ಮ ನಾಯಿಯ ಮೈಯನ್ನು ಎರಡು ಭಾಗವಾಗಿ ನೋಡಿ: ಬೆನ್ನು ಒಂದು, ಕಿವಿ, ಎದೆ, ಹೊಟ್ಟೆ, ಕಾಲಿನ ಕುಚ್ಚು ಕೂದಲು ಇನ್ನೊಂದು. ಎರಡಕ್ಕೂ ಒಂದೇ ಥರದ ಆರೈಕೆ ಆಗಿಬರೋದಿಲ್ಲ.

ನೀವು ಹಾಕಿಕೊಳ್ಳುವ ಶಾಂಪೂ ನಿಲ್ಲಿಸಿ. ನಮ್ಮ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.5. ನಾಯಿಯ ಚರ್ಮ 7ರ ಆಸುಪಾಸು, ಅಂದರೆ ನಮ್ಮಷ್ಟು ಆಮ್ಲೀಯ ಅಲ್ಲ. ನಮಗೆ ಹೊಂದುವ ಶಾಂಪೂವನ್ನು ಪದೇ ಪದೇ ಹಾಕಿದರೆ ಅದರ ಚರ್ಮ ಒಣಗಬಹುದು, ಕೆರೆತ ಬರಬಹುದು. ನಾಯಿ ಶಾಂಪೂನೇ ತನ್ನಿ, ಆದರೆ ಬಾಟಲಿಯಿಂದ ನೇರ ಬೆನ್ನ ಮೇಲೆ ಸುರಿಯಬೇಡಿ. ಒಂದು ಮಗ್ ನೀರಿಗೆ ಸ್ವಲ್ಪ ಹಾಕಿ ಕಲಸಿ ಹಚ್ಚಿದರೆ ಬುಡದ ತನಕ ಇಳಿಯುತ್ತೆ, ತೊಳೆಯೋದೂ ಸಲೀಸು.

ಶೋಗೆ ಎರಡು ದಿನ ಮುಂಚೆ ಪೂರ್ತಿ ಸ್ನಾನ ಮಾಡಿಸಿ. ಅಷ್ಟರಲ್ಲಿ ಚರ್ಮದ ಎಣ್ಣೆ ಮತ್ತೆ ಕೂದಲಿಗೆ ಬಂದು ಬೆನ್ನಿನ ಕೂದಲು ಚಪ್ಪಟೆಯಾಗಿ ಕೂರುತ್ತೆ. ಹಿಂದಿನ ದಿನ ಸಂಜೆ ಕಾಲು, ಹೊಟ್ಟೆಯ ಕುಚ್ಚು ಮಾತ್ರ ತೊಳೆದರೆ ಸಾಕು. ಸ್ನಾನಕ್ಕೆ ಮೊದಲು ಒಂದೊಂದು ಸಿಕ್ಕನ್ನೂ ಬಿಡಿಸಲೇಬೇಕು, ಕಿವಿಯ ಹಿಂದೆ, ಕಂಕುಳಲ್ಲಿ ಬೆರಳು ಹಾಕಿ ನೋಡಿ. ಸಿಕ್ಕು ನೀರು ಕುಡಿದರೆ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಕತ್ತರಿಯೇ ಗತಿ, ಶೋಗೆ ಎರಡೇ ದಿನ ಇರುವಾಗ ಕಿವಿ ಕೂದಲಿಗೆ ಕತ್ತರಿ ಹಾಕೋ ಸಂಕಟ ಯಾರಿಗೂ ಬೇಡ.

ಕಂಡೀಷನರ್ ವಿಷಯಕ್ಕೆ ಬಂದರೆ, ಕುಚ್ಚಿಗೆ ಧಾರಾಳವಾಗಿ, ಬೆನ್ನಿಗೆ ಕೈಯಲ್ಲಿ ಉಳಿದಷ್ಟು. ಅದನ್ನೂ ನೀರಲ್ಲಿ ಕಲಸಿಕೊಳ್ಳಿ, ಎರಡು ಮೂರು ನಿಮಿಷ ಬಿಟ್ಟು ಕೈಗೆ ಜಾರುವುದು ನಿಲ್ಲುವ ತನಕ ತೊಳೆಯಿರಿ. ನಿಮ್ಮ ಮನೆಗೆ ಬೋರ್‌ವೆಲ್ ನೀರಾದರೆ ಒಂದು ಮಾತು: ಗೀಸರ್ ಒಳಗೆ ಬಿಳಿ ಪೊರೆ ಕಟ್ಟಿಸುವ ಆ ಸುಣ್ಣವೇ ಕೂದಲ ಮೇಲೂ ಕೂತು ಹೊಳಪು ಕೊಲ್ಲುತ್ತೆ. ಸೋಪಂತೂ ಆ ನೀರಲ್ಲಿ ಬೇಡವೇ ಬೇಡ. ಕೊನೆಯ ಎರಡು ಬಕೆಟ್ಟಿಗಾದರೂ ಮಳೆನೀರೋ ನದಿ ನೀರೋ ಸಿಕ್ಕರೆ ಒಳ್ಳೇದು. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಒಂದು ಚಮಚ ವಿನಿಗರ್ ಹಾಕಿ, ಕಣ್ಣಿಗೆ ಬೀಳದ ಹಾಗೆ ಸುರಿಯಿರಿ. ವಾಸನೆ ಒಣಗಿದ ಮೇಲೆ ಇರೋದಿಲ್ಲ.

ಈಗ ನಿಜವಾದ ಕೆಲಸ. ನನ್ನನ್ನು ಕೇಳಿದರೆ ಸ್ನಾನಕ್ಕಿಂತ ಒಣಗಿಸೋದೇ ದೊಡ್ಡದು. ಟವೆಲಿನಿಂದ ತಲೆ ಒರೆಸಿಕೊಂಡ ಹಾಗೆ ಗಸಗಸ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೆಯಿರಿ. ಬೆನ್ನಿನ ಕೂದಲನ್ನು ಕುತ್ತಿಗೆಯಿಂದ ಬಾಲದ ಕಡೆಗೆ ನೀಟಾಗಿ ಬಾಚಿ, ಅದರ ಮೇಲೆ ಒಣ ಟವೆಲನ್ನು ಬಿಗಿಯಾಗಿ ಹೊದಿಸಿ, ಕತ್ತಿನ ಕೆಳಗೆ ಒಂದು, ಹೊಟ್ಟೆಯ ಕೆಳಗೆ ಒಂದು ದೊಡ್ಡ ಪಿನ್ ಹಾಕಿ. ನೋಡಿದವರು ನಾಯಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದೀರಾ ಅಂತ ನಗುತ್ತಾರೆ, ನಗಲಿ ಬಿಡಿ. ಆ ಟವೆಲ್ ಕೆಳಗೆ ಒಣಗಿದ ಬೆನ್ನು ಇಸ್ತ್ರಿ ಹಾಕಿದ ಹಾಗೆ ಕೂರುತ್ತೆ. ಅಷ್ಟರಲ್ಲಿ ಕಾಲಿನ ಕುಚ್ಚನ್ನು ಡ್ರೈಯರ್‌ನ ತಣ್ಣನೆ ಅಥವಾ ಉಗುರುಬೆಚ್ಚಗಿನ ಗಾಳಿಯಲ್ಲಿ, ಕೂದಲು ಬೆಳೆದ ದಿಕ್ಕಿಗೇ ಬಾಚುತ್ತಾ ಒಣಗಿಸಿ. ಅವಳು ಏದುಸಿರು ಬಿಡೋಕೆ ಶುರುಮಾಡಿದರೆ ಡ್ರೈಯರ್ ಆರಿಸಿ.

ಶೋಗೆ ಇನ್ನೂ ವಾರಗಳಿವೆಯಲ್ಲ, ಒಂದು ಸಲ ಪೂರ್ತಿ ತಾಲೀಮು ಮಾಡಿ ನೋಡಿ. ಎರಡನೇ ದಿನ ಬೆನ್ನು ಕೂರದಿದ್ದರೆ ನಿಮ್ಮ ನಾಯಿಗೆ ಮೂರು ದಿನ ಬೇಕು ಅಂತ ಗೊತ್ತಾಗುತ್ತೆ.

ಪ್ರಶ್ನೆ: ವಿಡಿಯೋಗಳಲ್ಲಿ ಕಾಕರ್‌ಗೆ ವಾರವಾರ ಸ್ನಾನ ಮಾಡಿಸಿ, ಬೆನ್ನಿಗೆ ಮೆಷಿನ್ ಹಾಕಿ, ಕಾಲಿನ ಕೂದಲು ನೆಲ ಮುಟ್ಟುವ ಹಾಗೆ ಬಿಟ್ಟಿರುತ್ತಾರೆ. ನೀವು ಹೇಳೋದು ಬೇರೆ ಥರ ಇದೆಯಲ್ಲ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ನೋಡಿರೋದು ಅಮೆರಿಕನ್ ಕಾಕರ್ ಇರಬೇಕು. ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಯಾದ ಅಮೆರಿಕನ್ ಕೆನೆಲ್ ಕ್ಲಬ್ 1946ರಲ್ಲಿ ಇಂಗ್ಲಿಷ್ ಕಾಕರ್‌ಗೆ ಬೇರೆ ತಳಿಯ ಸ್ಥಾನ ಕೊಟ್ಟಿತು. ಅಲ್ಲಿ ಬರೀ ಕಾಕರ್ ಅಂದರೆ ಅಮೆರಿಕನ್, ಬ್ರಿಟನ್ನಿನಲ್ಲಿ ಬರೀ ಕಾಕರ್ ಅಂದರೆ ಇಂಗ್ಲಿಷ್. ನಮ್ಮವರು ಎರಡೂ ಕಡೆಯ ವಿಡಿಯೋ ನೋಡಿ ಒಂದೇ ನಾಯಿಯ ಮೇಲೆ ಪ್ರಯೋಗ ಮಾಡುತ್ತಾರೆ! ಇಂಗ್ಲಿಷ್ ಕಾಕರ್‌ನ ಬೆನ್ನಿಗೆ ಮೆಷಿನ್ ಹಾಕಬೇಡಿ. ಮೇಲಿನ ನಯವಾದ ಕೂದಲ ತುದಿ ಹೋಗಿ ಕೆಳಗಿನ ಮೆತ್ತನೆ ಕೂದಲು ಕಾಣಿಸುತ್ತೆ, ಬಣ್ಣ ಮಂಕಾಗುತ್ತೆ. ಸತ್ತ ಕೂದಲನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಬೆಳೆದ ದಿಕ್ಕಿಗೆ ಎಳೆದು ತೆಗೆಯಬೇಕು. ಹಣ್ಣಾದ ಕೂದಲು ನೋವಿಲ್ಲದೆ ಬರುತ್ತೆ. ದಿನಾ ಹತ್ತು ನಿಮಿಷ ಟಿವಿ ನೋಡುತ್ತಾ ಮಾಡಿದರೂ ಆಯಿತು.

ಪ್ರಶ್ನೆ: ನಮ್ಮ ಅಜ್ಜಿ ನಾಯಿಗೂ ಸೀಗೆಕಾಯಿ, ಕೊಬ್ಬರಿ ಎಣ್ಣೆ ಸಾಕು ಅಂತಾರೆ. ಸರೀನಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಜ್ಜಿಗೆ ಎದುರಾಡೋ ಧೈರ್ಯ ನನಗಿಲ್ಲ. ಆದರೆ ಸೀಗೆಪುಡಿ ಕಣ್ಣಿಗೆ ಬಿದ್ದರೆ ಎಷ್ಟು ಉರಿಯುತ್ತೆ ಅಂತ ನಮಗೆಲ್ಲ ಗೊತ್ತು, ಪಾಪ ನಾಯಿ ಕಣ್ಣು ಒರೆಸಿಕೊಳ್ಳೋಕೂ ಆಗಲ್ಲ. ಆ ಪುಡಿ ದಟ್ಟ ಕುಚ್ಚಿನಿಂದ ಪೂರ್ತಿ ಹೋಗೋದೂ ಇಲ್ಲ. ಎಣ್ಣೆ ಹಚ್ಚಿದರೆ ಧೂಳು ಹಿಡಿಯುತ್ತೆ, ನೆಕ್ಕಿ ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತೆ. ಶೋ ನಾಯಿಗಂತೂ ಬೇಡ. ಬ್ರಿಟನ್ನಿನ ಕೆನೆಲ್ ಕ್ಲಬ್ಬಿನ ನಿಯಮದಲ್ಲಿ ಕೂದಲಿನ ಸಹಜ ಬಣ್ಣ, ಗುಣ ಬದಲಿಸುವ ಯಾವ ವಸ್ತುವೂ ಪ್ರದರ್ಶನದ ಹೊತ್ತಿಗೆ ಮೈಮೇಲೆ ಇರಬಾರದು ಅಂತಿದೆ. ನೀವು ಹೋಗುವ ಶೋದ ನಿಯಮಗಳನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಎಣ್ಣೆಗೆ ಬದಲು ವಾರಕ್ಕೆ ಎರಡು ಮೂರು ದಿನ ಊಟದಲ್ಲಿ ಬೇಯಿಸಿದ ಮೊಟ್ಟೆಯೋ, ಮುಳ್ಳು ತೆಗೆದ ಬೂತಾಯಿ ಮೀನೋ ಕೊಡಿ. ಹೊಳಪು ಒಳಗಿಂದ ಬರಲಿ.

ಪ್ರಶ್ನೆ: ಪ್ರತಿ ಸ್ನಾನದ ಮೂರನೇ ದಿನಕ್ಕೆ ನಮ್ಮ ನಾಯಿಯ ಕಿವಿ ವಾಸನೆ ಬರುತ್ತೆ, ತಲೆ ಕೊಡವುತ್ತಾನೆ. ಶಾಂಪೂ ಬದಲಿಸಬೇಕಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಶಾಂಪೂ ಅಲ್ಲ, ತೇವ. ಜೋತುಬಿದ್ದ ಕಿವಿಯ ಒಳಗೆ ಗಾಳಿಯಾಡೋದಿಲ್ಲ, ಅದರಲ್ಲೂ ನಿಮ್ಮ ಕರಾವಳಿಯ ಸೆಕೆಯಲ್ಲಿ ಅದು ಫಂಗಸ್‌ಗೆ ಹೇಳಿ ಮಾಡಿಸಿದ ಜಾಗ. ಸ್ನಾನಕ್ಕೆ ಮೊದಲು ಕಿವಿಯ ಬಾಯಿಗೆ ದೊಡ್ಡ ಹತ್ತಿಯುಂಡೆ ಇಡಿ, ಆಳಕ್ಕೆ ತುರುಕಬೇಡಿ, ಆಮೇಲೆ ತೆಗೆಯೋದನ್ನೂ ಮರೆಯಬೇಡಿ. ತಲೆಗೆ ನೀರು ಸುರಿಯೋ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ನಾನವಾದ ಮೇಲೆ ಕಿವಿ ಎತ್ತಿ ಒಳಭಾಗ, ಕೆಳಗಿನ ಕೆನ್ನೆ ಎರಡನ್ನೂ ಒಣಗಿಸಿ. ಊಟದ ಹೊತ್ತಿಗೆ ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ಸಡಿಲವಾಗಿ ಏರಿಸಿದರೆ ಕಿವಿ ತಟ್ಟೆಗೆ ಬೀಳೋದಿಲ್ಲ, ಕೂದಲೂ ಅನ್ನ ಮೆತ್ತಿಕೊಳ್ಳೋದಿಲ್ಲ. ಈಗ ಬರುತ್ತಿರುವ ವಾಸನೆಗೆ ಮಾತ್ರ ವೆಟ್ ಹತ್ತಿರ ತೋರಿಸಿಯೇ ಔಷಧಿ ಹಾಕಿ, ಪಕ್ಕದ ಮನೆಯವರ ನಾಯಿಗೆ ಬರೆದುಕೊಟ್ಟ ಡ್ರಾಪ್ಸ್ ಬೇಡ.

ಹಾಗೇ ಇನ್ನೊಂದು: ಉಣ್ಣೆ ಹುಳಕ್ಕೆಂದು ಕತ್ತಿನ ಹಿಂದೆ ಹಾಕುವ ಔಷಧಿ ಬಳಸುವವರು, ಅದನ್ನು ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಆಮೇಲೆ ಸ್ನಾನ ಮಾಡಿಸಬೇಡಿ. ಶೋ ತಾರೀಕು ಗೊತ್ತಾದ ಕೂಡಲೇ ಇದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.