ಅತ್ತೆಯವರಿಗೆ ಮೊದಲು ಊಟ ಬಡಿಸಿ

ಓದುಗರ ಪತ್ರ: ನನ್ನ ಮಗ ಇಂಗ್ಲೆಂಡಿನ ಹುಡುಗಿಯನ್ನು ಮದುವೆಯಾಗುತ್ತಿದ್ದಾನೆ. ಮದುವೆ ಅಲ್ಲಿಯ ಚರ್ಚಿನಲ್ಲಿ. ಹುಡುಗಿ ಬಿಳಿ ಗೌನು ಹಾಕುತ್ತಾಳೆ ಎಂದು ಕೇಳಿ ನಮ್ಮ ಅತ್ತೆ ಊಟ ಬಿಟ್ಟಿದ್ದಾರೆ. ಮದುವೆಗೆ ಬಿಳಿ, ಸಾವಿಗೆ ಕಪ್ಪು. ಅವರದ್ದೆಲ್ಲ ಉಲ್ಟಾನಾ? ನಾನು ಯಾವ ಬಣ್ಣದ ಸೀರೆ ಉಡಲಿ? – ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಅತ್ತೆಯವರಿಗೆ ಮೊದಲು ಊಟ ಬಡಿಸಿ. ಉಣ್ಣುತ್ತಿರುವಾಗ ಈ ಕತೆ ಹೇಳಿ.

ಬಿಳಿ ಗೌನು ಅಲ್ಲಿಯೂ ಅಜ್ಜನ ಅಜ್ಜನ ಕಾಲದ ಪದ್ಧತಿಯೇನಲ್ಲ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಸಾಮಾನ್ಯ ಮನೆಯ ಮದುಮಗಳು ತನ್ನಲ್ಲಿದ್ದ ಒಳ್ಳೆಯ ಬಟ್ಟೆ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದಳು. ನೀಲಿ, ಕಂದು, ಬೂದು, ಯಾವುದಾದರೂ ಸರಿ. ಆಮೇಲೆ ಭಾನುವಾರಗಳಿಗೂ ಅದೇ. ಬಿಳಿ ಬಟ್ಟೆ ಒಗೆದು ಒಗೆದು ಕಾಪಾಡುವುದು ಉಳ್ಳವರ ಶೋಕಿ. 1840ರ ಫೆಬ್ರವರಿಯಲ್ಲಿ ರಾಣಿ ವಿಕ್ಟೋರಿಯಾ ತನ್ನ ಮದುವೆಗೆ ಬಿಳಿ ರೇಷ್ಮೆ ತೊಟ್ಟಳು. ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದದ್ದು, ಲೇಸು ಡೆವನ್ ಕಡೆಯ ಹೆಂಗಸರು ಕೈಯಲ್ಲಿ ಹೆಣೆದದ್ದು. ಯಂತ್ರದ ಲೇಸು ಬಂದು ಆ ಹೆಂಗಸರ ಹೊಟ್ಟೆಗೆ ಹೊಡೆದಿತ್ತು. ರಾಣಿಯ ಆರ್ಡರು ಅವರ ಕೈ ಹಿಡಿಯಿತು. ಮದುವೆಯ ಚಿತ್ರಗಳು ಅಚ್ಚಾಗಿ ಊರೂರಿಗೆ ಹೋದವು. ಬಿಳಿ ಎಂದರೆ ಹುಡುಗಿಯ ಶುದ್ಧತೆ ಎಂಬ ಮಾತು ಜಾಸ್ತಿ ಜೋರಾದದ್ದು ಆಮೇಲೆಯೇ.

ಕಪ್ಪಿನ ಕತೆಯಲ್ಲೂ ಇವಳೇ ಬರುತ್ತಾಳೆ. ಕಪ್ಪು ಅಲ್ಲಿ ಮೊದಲಿಂದಲೂ ಸಾವಿನ ಬಣ್ಣ, ನಿಜ. ಆದರೆ 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡಾಗ 42 ವರ್ಷದ ವಿಕ್ಟೋರಿಯಾ ಕಪ್ಪು ಉಟ್ಟವಳು 1901ರಲ್ಲಿ ತಾನು ಸಾಯುವವರೆಗೆ ಬಿಡಲಿಲ್ಲ. ಅವಳ ಕಾಲದಲ್ಲಿ ದುಃಖಕ್ಕೂ ಲೆಕ್ಕ ಬಂತು. ವಿಧವೆಗೆ ಸುಮಾರು ಎರಡು ವರ್ಷ. ಮೊದಲು ಹೊಳಪಿಲ್ಲದ ಕಪ್ಪು ಕ್ರೇಪ್ ಬಟ್ಟೆ, ಕೊನೆಕೊನೆಗೆ ಬೂದು, ತಿಳಿ ನೇರಳೆ. ಒಡವೆಯೂ ಕಪ್ಪೇ, ವಿಟ್ಬಿ ಊರಿನ ಜೆಟ್ ಕಲ್ಲು. ಸಾವಿನ ಮನೆಯ ಬಟ್ಟೆಗೆಂದೇ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ದೊಡ್ಡ ದೊಡ್ಡ ಅಂಗಡಿಗಳಿದ್ದವು. ಇಷ್ಟೆಲ್ಲ ಆಗಿ, ತನ್ನ ಅಂತ್ಯಕ್ರಿಯೆಗೆ ಮಾತ್ರ ಬಿಳಿ ಇರಲಿ ಎಂದು ಹೇಳಿಟ್ಟಿದ್ದಳು ರಾಣಿ. ಬಿಳಿ ಉಡಿಸಿ, ಮದುವೆಯ ದಿನದ ಮುಸುಕನ್ನೇ ಹಾಕಿ ಮಲಗಿಸಿದರು.

ಸಾವಿಗೆ ಬಿಳಿ ಯುರೋಪಿಗೂ ಹೊಸದಲ್ಲ. ಹಿಂದೆ ಫ್ರಾನ್ಸಿನ ರಾಣಿಯರು ಗಂಡ ಸತ್ತರೆ ಬಿಳಿ ಉಡುತ್ತಿದ್ದರು. 1938ರಲ್ಲಿ ಬ್ರಿಟನ್ನಿನ ರಾಣಿ, ಆರನೇ ಜಾರ್ಜ್‌ನ ಹೆಂಡತಿ ಎಲಿಜಬೆತ್, ತಾಯಿ ತೀರಿಕೊಂಡು ತಿಂಗಳು ತುಂಬುವ ಮೊದಲೇ ಪ್ಯಾರಿಸ್ಸಿಗೆ ಹೋಗಬೇಕಾಯಿತು. ಕಪ್ಪಿನಲ್ಲಿ ಹೋಗಲು ಮನಸ್ಸಿಲ್ಲ. ದರ್ಜಿ ನಾರ್ಮನ್ ಹಾರ್ಟ್‌ನೆಲ್ ಎಲ್ಲ ಉಡುಪುಗಳನ್ನೂ ಬಿಳಿಯಲ್ಲೇ ಹೊಸದಾಗಿ ಹೊಲಿಸಿಕೊಟ್ಟ.

ಅಷ್ಟಕ್ಕೂ ನಮ್ಮದೇನು ನೇರವಾಗಿದೆಯಾ? ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಧಾರೆ ಸೀರೆ ಬಿಳಿಯದೇ ಅಲ್ವಾ, ಕೆಂಪಂಚಿನದು? ಬ್ರಾಹ್ಮಣರ ಮನೆಗಳಲ್ಲಿ ಪಾಪ, ವಿಧವೆಯರ ತಲೆ ಬೋಳಿಸಿ ಉಡಿಸುತ್ತಿದ್ದದ್ದು ಕೆಂಪು ಸೀರೆ. ಅತ್ತೆಯವರು ಕಂಡಿರಬಹುದು, ಕೇಳಿ ನೋಡಿ.

ಇನ್ನು ನಿಮ್ಮ ಸೀರೆ. ಬಿಳಿ, ಕೆನೆಬಣ್ಣ ಬೇಡ. ಅದು ಆ ದಿನ ಮದುಮಗಳೊಬ್ಬಳ ಪಾಲು, ಬೇರೆಯವರು ಉಟ್ಟರೆ ಮುಖ ಸಿಂಡರಿಸುತ್ತಾರೆ. ಮಿಕ್ಕಂತೆ ನಿಮ್ಮಿಷ್ಟ, ಗಾಢ ಬಣ್ಣದ ರೇಷ್ಮೆ ಚೆನ್ನಾಗಿರುತ್ತದೆ. ಸೊಸೆಗೆ ಹಸಿರು ಬಳೆ ತೊಡಿಸುವ ಆಸೆ ನಿಮಗೆ ಇದ್ದೇ ಇರುತ್ತದೆ. ಖಂಡಿತ ತೊಡಿಸಿ. ಆದರೆ ಹಸಿರು ತೊಟ್ಟು ಮದುವೆಯಾದರೆ ಆಗಿಬರುವುದಿಲ್ಲ ಎಂಬ ಹಳೇ ನಂಬಿಕೆ ಇಂಗ್ಲೆಂಡಿನಲ್ಲಿದೆ. ಹುಡುಗಿಯ ಅಜ್ಜಿ ಇದ್ದರೆ ಮೊದಲೇ ಒಂದು ಮಾತು ಹೇಳಿಬಿಡಿ. ಇಲ್ಲದಿದ್ದರೆ ಅವರೂ ಊಟ ಬಿಟ್ಟಾರು.