ವಾಂತಿ ನಿಲ್ಲಿಸುವ ಡಾಂಪೆರಿಡೋನ್ ಮಾತ್ರೆಯಿಂದ ಪ್ರೊಲ್ಯಾಕ್ಟಿನ್ ಏರುವುದೇಕೆ?

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಬಹುತೇಕ ಹಾರ್ಮೋನುಗಳಿಗೆ ಮೆದುಳು ಮುಖ್ಯವಾಗಿ ‘ಬಿಡು’ ಎನ್ನುತ್ತದೆ. ಎದೆಹಾಲು ಉತ್ಪಾದಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್‌ಗೆ ಮಾತ್ರ ಸದಾ ‘ತಡೆ’ ಎನ್ನುತ್ತಿರುತ್ತದೆ. ಆ ತಡೆಯೇ ಡೋಪಮೈನ್ ಎಂಬ ರಾಸಾಯನಿಕ. ಪಿಟ್ಯುಟರಿಯ ಮೇಲಿರುವ ಮೆದುಳಿನ ಭಾಗವಾದ ಹೈಪೊಥಲಾಮಸ್‌ನ ನರಕೋಶಗಳು ಸ್ರವಿಸಿದ ಡೋಪಮೈನ್ ಎರಡನ್ನೂ ಜೋಡಿಸುವ ಪೋರ್ಟಲ್ ರಕ್ತನಾಳಗಳಲ್ಲಿ ಇಳಿದು ಬಂದು, ಪಿಟ್ಯುಟರಿ ಕೋಶಗಳ ಡಿ2 ಗ್ರಾಹಕಗಳಿಗೆ ಅಂಟಿಕೊಂಡು ಸ್ರಾವವನ್ನು ಅದುಮಿಡುತ್ತದೆ. ಡಾಂಪೆರಿಡೋನ್ ಇದೇ ಗ್ರಾಹಕಗಳನ್ನು ಮುಚ್ಚಿಬಿಡುತ್ತದೆ. ಈ ಮಾತ್ರೆ ಮೆದುಳಿನೊಳಕ್ಕೆ ಅಷ್ಟಾಗಿ ಹೋಗದು, ನಿಜ. ಆದರೆ ಪಿಟ್ಯುಟರಿ ಇರುವುದು ಮೆದುಳನ್ನು ಕಾಯುವ ರಕ್ತ ತಡೆಗೋಡೆಯ ಹೊರಗೆ, ಅಲ್ಲಿಗೆ ಸಲೀಸಾಗಿ ತಲುಪುತ್ತದೆ. ಮುಟ್ಟು ತಪ್ಪುವುದು, ಬಾಣಂತಿಯಲ್ಲದವರಿಗೂ ಎದೆಹಾಲು ಒಸರುವುದು ಇದರಿಂದಲೇ.

ಗರ್ಭಿಣಿಯಲ್ಲದ ಮಹಿಳೆಯರ ರಕ್ತದಲ್ಲಿ ಪ್ರೊಲ್ಯಾಕ್ಟಿನ್‌ನ ಮೇಲಿನ ಮಿತಿ ಮಿಲಿಲೀಟರಿಗೆ ಸುಮಾರು 25 ನ್ಯಾನೊಗ್ರಾಂ. ಅದು ದಾಟಿದ್ದರೆ ಪಿಟ್ಯುಟರಿಯ ಸ್ಕ್ಯಾನ್‌ಗೆ ಮುನ್ನ ನಿಮ್ಮ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ದಯವಿಟ್ಟು ತೋರಿಸಿ. ಅವರು ಒಪ್ಪಿದರೆ ಡಾಂಪೆರಿಡೋನ್ 3 ದಿನ ನಿಲ್ಲಿಸಿ ಮತ್ತೆ ಪರೀಕ್ಷಿಸಬಹುದು. ಮನೋರೋಗದ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಎಂದೂ ನಿಲ್ಲಿಸಬೇಡಿ.